ಐವತ್ತೊಂದನೇ ಕಪ್ಪೆ

ಸೆಪ್ಟೆಂಬರ್ ೧೪, ಶುಕ್ರವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಮಣಿಕಟ್ಟು ಮುರಿದಿದೆ. ಬೇಕರಿಯ ಹಿಂಬಾಗಿಲು, ಒದ್ದೆ ಮೆಟ್ಟಿಲು, ನಾನು, ಹಿಟ್ಟಿನ ಮೂಟೆ. ಮೂಟೆಗೆ ಏನೂ ಆಗಿಲ್ಲ. ಆರು ವಾರ ಪ್ಲಾಸ್ಟರ್. ಕಾರ್ಡಾಟದ ಕಪ್ ಪಂದ್ಯ ಅಕ್ಟೋಬರ್ ಇಪ್ಪತ್ತಕ್ಕೆ. ಅಷ್ಟರೊಳಗೆ ಬಿಚ್ಚುವುದಿಲ್ಲವಂತೆ.

ಸಾಕು. ಎಡಗೈಯೂ ನೋಯುತ್ತಿದೆ.

ಸೆಪ್ಟೆಂಬರ್ ೧೬, ಭಾನುವಾರ

ಒಂದು ಕೈಯಲ್ಲಿ ಕಾರ್ಡ್ ಕಲೆಸಲು ಹೋದೆ. ಐವತ್ಮೂರು ಕಪ್ಪೆ ಕಾರ್ಡುಗಳೂ ಸೋಫಾದ ಕೆಳಗೆ ಹಾರಿದವು. ಅಮ್ಮ ಮಂಡಿಯೂರಿ ಹೆಕ್ಕಿಕೊಟ್ಟಳು. ಎಪ್ಪತ್ತೊಂಬತ್ತು ವರ್ಷದವಳು.

"ಕೈ ತೊಳ್ಕೊಂಡಿದೀಯಾ?" ಎಂದು ಕೇಳಿಬಿಟ್ಟೆ.

"ನಿನ್ನ ಕುಂಡೆ ತೊಳೆದ ಕೈ ಕಣೇ ಇದು, ಕಪ್ಪೆ ಮುಟ್ಟಿದ್ರೆ ಏನಾಗತ್ತೆ?" ಎಂದಳು.

ಸೆಪ್ಟೆಂಬರ್ ೨೦, ಗುರುವಾರ

ಎಡಗೈ ಪಳಗಲಿ, ದಿನಾ ಒಂದು ಪುಟ ಬರೆಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಏನು ಬರೆಯುವುದು? ಬೇಕರಿ ನಾನಿಲ್ಲದೆಯೂ ನಡೆಯುತ್ತಿದೆ. ಬ್ರೆಡ್ಡು ಸ್ವಲ್ಪ ಗಟ್ಟಿ ಎಂದು ಅಮ್ಮ ಹೇಳಿದಾಗ ಖುಷಿಯಾಯಿತು. ಕಪ್ಪೆಗಳ ಬಗ್ಗೆಯೇ ಬರೆಯುತ್ತೇನೆ.

ಆಟದ ಹೆಸರು 'ಏಳು ಕಾಡು'. ಒಬ್ಬೊಬ್ಬರಿಗೆ ಐವತ್ತು ಕಾರ್ಡಿನ ಒಂದು ಕಟ್ಟು, ಇಪ್ಪತ್ತು ಉಸಿರು. ನಮ್ಮ ಪ್ರಾಣಿಗಳನ್ನು ಕಳಿಸಿ ಎದುರಿನವರ ಉಸಿರು ನಿಲ್ಲಿಸಬೇಕು. ಡ್ರ್ಯಾಗನ್ ಕಟ್ಟುವವರಿದ್ದಾರೆ, ತೋಳ ಕಟ್ಟುವವರಿದ್ದಾರೆ. ನನ್ನದು ಹನ್ನೊಂದು ವರ್ಷದಿಂದ ಕಪ್ಪೆ. ಯಾಕೆ ಎಂದು ಕೇಳಿದವರಿಗೆ ನಾನು ಉತ್ತರ ಕೊಡುವುದಿಲ್ಲ. ಇಷ್ಟ, ಅಷ್ಟೇ.

ಕಪ್ ಗೆದ್ದವರ ಕಟ್ಟನ್ನು, ಪಂದ್ಯ ನಡೆಸುವ ಗೊರಾಜ್ದ್ ತನ್ನ ಕಾರ್ಡಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ವರ್ಷ ಹರವಿಡುತ್ತಾನೆ, ಹೆಸರು ಬರೆದು. ಕೊನೆಯ ಪಂದ್ಯದಲ್ಲಿ ಸೋತವರು ತಮ್ಮ ಕಟ್ಟಿನಿಂದ ಒಂದು ಕಾರ್ಡ್ ಕೊಡಬೇಕು, ಅದು ಐವತ್ತೊಂದನೆಯದಾಗಿ ಪಕ್ಕದಲ್ಲಿ ಕೂರುತ್ತದೆ. ನಮ್ಮ ಪ್ತುಯಿ ಊರಿನಲ್ಲಿ ಮೊದಲಿಂದ ನಡೆದುಬಂದ ಪದ್ಧತಿ. ಒಳ್ಳೆಯ ಕಾರ್ಡ್ ಕೊಡುವುದು ಮರ್ಯಾದೆ. ನಾನು ಮೂರು ವರ್ಷ ಸತತವಾಗಿ ಸೋತು, ಮೂರು ಸಲವೂ ಖಾಲಿ ಮಣ್ಣಿನ ಕಾರ್ಡ್ ಕೊಟ್ಟಿದ್ದೇನೆ. ಪ್ರಾಣಿಗಳನ್ನು ಇಳಿಸಲು ಅದು ಬೇಕು, ಎಲ್ಲರ ಹತ್ತಿರವೂ ಇರುತ್ತದೆ, ಅದಕ್ಕೆ ಕಿಮ್ಮತ್ತಿಲ್ಲ.

ಈ ಸಲ ಆ ಗಾಜಿನೊಳಗೆ ಕಪ್ಪೆ ಕೂರಬೇಕು. ಮೊದಲು ಐವತ್ಮೂರನ್ನು ಐವತ್ತಕ್ಕೆ ಇಳಿಸಬೇಕು. ಬೆಳಗ್ಗೆಯಿಂದ ತಕ್ಕಡಿಯಲ್ಲಿ ಕಪ್ಪೆ ತೂಗುವ ಕೆಲಸ. ಒಂದನ್ನು ತೆಗೆದರೆ ಇನ್ನೊಂದು ಒಳಗೆ ಹಾರುತ್ತದೆ.

ಒಂದು ಅನುಕೂಲವಾಯಿತು. ಕೈಯಲ್ಲಿ ಹಿಡಿಯಲಾಗದ ಕಾರ್ಡುಗಳನ್ನು ಅಮ್ಮ ಬಟ್ಟೆ ಉಜ್ಜುವ ಬ್ರಷ್ಷನ್ನು ಅಂಗಾತ ಇಟ್ಟು ಅದರ ಕೂದಲ ನಡುವೆ ಸಿಕ್ಕಿಸಿದಳು. ನೆಟ್ಟಗೆ ನಿಂತವು! ರಮ್ಮಿ ಆಡುವ ಮುದುಕಿಯರು ಕೈ ನಡುಗಿದಾಗ ಹೀಗೇ ಮಾಡುತ್ತಾರಂತೆ.

ಸೆಪ್ಟೆಂಬರ್ ೨೨, ಶನಿವಾರ

ಸಿಟ್ಟು ನೆತ್ತಿಗೇರಿದೆ. ಗೊರಾಜ್ದ್ ಅಂಗಡಿಗೆ ಬ್ರಷ್ ತೆಗೆದುಕೊಂಡು ಹೋಗಿದ್ದೆ. ಬ್ರಷ್ ಇರಲಿ ಎಂದ. "ಆದ್ರೆ ಬ್ರೆಡಕ್ಕ, ಕಾರ್ಡ್ ಕಲೆಸೋದು ಹ್ಯಾಗೆ?"

"ಅಮ್ಮ ಬಂದು ಕಲೆಸ್ತಾಳೆ."

"ಹಾಗೆಲ್ಲ ಆಗಲ್ಲ. ನಿಮ್ಮ ಕೈಲಾಗದಿದ್ರೆ ಎದುರಿಗೆ ಕೂತವರೇ ಕಲೆಸಬೇಕು. ನಿಯಮ ನಾನು ಮಾಡಿದ್ದಲ್ಲ."

ಎದುರಿಗೆ ಕೂತವರು! ನಾಲ್ಕು ವರ್ಷದಿಂದ ನನ್ನ ಕಟ್ಟನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಎಲ್ಲರೂ ಒಂದು ಬೆರಳಿನಿಂದ ಅರ್ಧ ಮಾಡಿ ಕೈ ತೆಗೆಯಬೇಕು, ಅಷ್ಟೇ. ಇಡೀ ಅಂಗಡಿಗೆ ಇದು ಗೊತ್ತು. ಕಾರಣವೂ ಗೊತ್ತು. ಕಾರಣ ಆಗ ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತಿತ್ತು.

ಹೆಸರು ದಮ್ಯಾನಾ. ಒಂದು ಸಲ ಬರೆದೆ, ಸಾಕು. ಅವಳ ಕಟ್ಟಿನಲ್ಲಿರುವುದೆಲ್ಲ ಕಾಗೆ, ಆದ್ದರಿಂದ ಇನ್ನು ಮೇಲೆ ಕಾಗೆಯವಳು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಹದಿನೆಂಟು ವರ್ಷ ನನ್ನ ಗೆಳತಿಯಾಗಿದ್ದಳು. ನಾಲ್ಕು ವರ್ಷದ ಹಿಂದೆ, ಕಪ್ ಪಂದ್ಯದ ದಿನ, ಅವಳ 'ಕದಿಯುವ ಕಾಗೆ' ನನ್ನ ಐದು ಕಪ್ಪೆಗಳನ್ನು ಎಳೆದುಕೊಂಡು ಹೋಯಿತು. ಅದು ಆಟದಲ್ಲಿ ಇರುವುದೇ, ತಪ್ಪಲ್ಲ. ಆದರೆ ಆಟ ಮುಗಿಯುವಾಗ ಎರಡೂ ಕಡೆಯ ಕಾರ್ಡು ಒಂದೇ ರಾಶಿಯಾಗಿತ್ತು. ಬಾಚಿಕೊಂಡು ಎಣಿಸಿದರೆ ನನ್ನದು ನಲವತ್ತೊಂಬತ್ತು. 'ಮಳೆ ಕರೆಯುವ ಅಜ್ಜಿಕಪ್ಪೆ' ಇಲ್ಲ. ಅಜ್ಜಿ ಬಂದಳೆಂದರೆ ಸತ್ತ ಕಪ್ಪೆಗಳೆಲ್ಲ ಎದ್ದು ಬರುತ್ತವೆ. ಇಡೀ ಊರಿನಲ್ಲಿ ಇದ್ದದ್ದು ಅದೊಂದೇ.

ಬೇರೆಯವರ ಕಾರ್ಡು ನಮ್ಮ ಕಟ್ಟಿಗೆ ಸೇರಿ ಮನೆಗೆ ಹೋಗುವುದು ಎಲ್ಲರಿಗೂ ಆಗುತ್ತದೆ. ಮಾರನೇ ದಿನ ನಕ್ಕು ವಾಪಸ್ ಕೊಡುತ್ತಾರೆ. ಅವಳು ತನ್ನ ಕಟ್ಟು ನೋಡಿ, ಇಲ್ಲ ಎಂದಳು. ನಾನು ಕಳ್ಳಿ ಎಂದೆ. ಮೂವತ್ತು ಜನರ ಮುಂದೆ. ಅವಳು ಕೈಚೀಲವನ್ನು ಮೇಜಿನ ಮೇಲೆ ಸುರಿದಳು. ಬೀಗದ ಕೈ, ಬಾಚಣಿಗೆ, ಮಾತ್ರೆ, ಎಲ್ಲ. ನಾನು ಕೆದಕಿ ನೋಡಿದೆ. ಸಿಗಲಿಲ್ಲ. ಕದ್ದವರು ಕೈಚೀಲದಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಆಮೇಲೆ ಮೂರು ವರ್ಷ ಕೊನೆಯ ಪಂದ್ಯದಲ್ಲಿ ಸೋತೆನಲ್ಲ, ಎರಡು ಸಲ ಅವಳಿಗೇ. ಮಣ್ಣಿನ ಕಾರ್ಡು ಯಾಕೆ ಕೊಟ್ಟೆ ಎಂದು ಬೇರೆ ಹೇಳಬೇಕಾಗಿಲ್ಲ.

ಕೈ ಸೋತಿತು. ಎರಡು ಪುಟ ಆಗಿದೆ. ಡಾಕ್ಟರಿಗೆ ಸಂತೋಷವಾಗುತ್ತದೆ.

ಸೆಪ್ಟೆಂಬರ್ ೨೯, ಶನಿವಾರ

ಆಡಿದೆ. ನಾಲ್ಕರಲ್ಲಿ ಮೂರು ಸೋಲು. ಕಲೆಸಲು ಕೊಟ್ಟೆ. ಮೊದಲನೆಯವನು ಬಸ್ ಓಡಿಸುವ ಹೊಸಬ, ಎಷ್ಟು ಮೆಲ್ಲಗೆ ಕಲೆಸಿದನೆಂದರೆ "ಅದು ಮೊಟ್ಟೆ ಅಲ್ಲಪ್ಪ, ಕಪ್ಪೆ" ಎಂದೆ. ಎಲ್ಲರೂ ನಕ್ಕರು. ಕಾಗೆಯವಳೂ ನಕ್ಕಳು. ನಾನು ನೋಡಲಿಲ್ಲ, ಕೇಳಿಸಿತು.

ಸೋತದ್ದು ಕಲೆಸಿದವರಿಂದಲ್ಲ, ಅದನ್ನು ಒಪ್ಪಬೇಕು. ಬ್ರಷ್ಷಿನ ತುಂಬ ದೊಡ್ಡ ದೊಡ್ಡ ಗೋಂಕರು ಕಪ್ಪೆಗಳು ನಿಂತಿರುತ್ತವೆ, ಅವನ್ನು ಇಳಿಸಲು ಬೇಕಾದಷ್ಟು ಮಣ್ಣಿನ ಕಾರ್ಡು ಸಿಗುವ ಹೊತ್ತಿಗೆ ನನ್ನ ಉಸಿರು ನಿಂತಿರುತ್ತದೆ.

ಅಕ್ಟೋಬರ್ ೪, ಗುರುವಾರ

ಅಮ್ಮನ ಜೊತೆ ಬೆಳಗ್ಗೆಯಿಂದ ಆಡಿದೆ. ಹಳೆಯ ತೋಳದ ಕಟ್ಟನ್ನು ಅವಳಿಗೆ ಕೊಟ್ಟಿದ್ದೆ. ನಿಯಮ ಅರ್ಧ ಗೊತ್ತು, ಆದರೂ ನನ್ನನ್ನು ಎರಡು ಸಲ ಸೋಲಿಸಿದಳು. ತೋಳಗಳಿಗೆಲ್ಲ ಹೆಸರಿಟ್ಟಿದ್ದಾಳೆ, ಎಲ್ಲವೂ ನಮ್ಮ ಬೀದಿಯವರದು.

"ನಿನ್ನ ಹತ್ರ ಎಲ್ಲಾ ದೊಡ್ಡ ಮನುಷ್ಯರೇ ಇದ್ದಾರೆ, ಕೆಲಸ ಮಾಡೋರು ಯಾರೂ ಇಲ್ಲ. ರಮ್ಮೀಲಿ ನಾನು ರಾಜ ರಾಣಿನ ಮೊದಲು ಬಿಸಾಕ್ತೀನಿ. ಚಿಲ್ಲರೆ ಇಟ್ಕೊಳ್ಳೇ."

ಹನ್ನೊಂದು ವರ್ಷ ಆಡಿದವಳಿಗೆ ರಮ್ಮಿ ಮುದುಕಿಯ ಪಾಠ! ಮಾತು ಮಾತ್ರ ಸರಿ. ಮೊದಲು ನನ್ನ ಕಟ್ಟಿನಲ್ಲಿ ಸಣ್ಣ ಕಪ್ಪೆಗಳಿದ್ದವು. ನಾಲ್ಕು ವರ್ಷದ ಹಿಂದೆ ಆ ದಿನದ ಸಿಟ್ಟಿಗೆ ಎಲ್ಲವನ್ನೂ ಕಿತ್ತು ಡಬ್ಬಿಗೆ ಹಾಕಿ, ದೊಡ್ಡವನ್ನು ತುಂಬಿದ್ದೆ.

ಅಕ್ಟೋಬರ್ ೧೧, ಗುರುವಾರ

ಐವತ್ತಾಯಿತು! ಗೋಂಕರು ಆರನ್ನು ತೆಗೆದೆ. ಒಂದೊಂದನ್ನು ತೆಗೆಯುವಾಗಲೂ ಅಮ್ಮ "ಹೋಗ್ಬಾಪ್ಪಾ" ಎಂದು ಕೈ ಬೀಸಿದಳು. ಡಬ್ಬಿಯ ತಳದಿಂದ ಚರಂಡಿಕಪ್ಪೆ ಮೂರು ಹೊರಬಂದವು. ಬಡ ಕಪ್ಪೆ, ಒಂದೇ ಏಟಿಗೆ ಸಾಯುತ್ತದೆ, ಆದರೆ ಮೊದಲನೇ ಸರದಿಯಲ್ಲೇ ನೆಗೆಯುತ್ತದೆ. ಕಟ್ಟಿನ ಉಳಿದ ಕಾರ್ಡುಗಳ ಹಾಗೆಯೇ ಹಸಿರು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಒಂದು ಕೈಯಲ್ಲಿ ಕವರ್ ಬದಲಿಸಲು ಆಗುವುದಿಲ್ಲ, ಹಾಗೇ ಸೇರಿಸಿದೆ.

ಅಮ್ಮ ಕಲೆಸುತ್ತಾ ನಿಲ್ಲಿಸಿ, "ಇದ್ರಲ್ಲಿ ಒಂದು ಬಸುರಿ ಕಣೇ" ಎಂದಳು.

"ಏನು?"

"ಒಂದು ಕಪ್ಪೆ ಬಸುರಿ. ದಪ್ಪ ಇದೆ."

ಹಾಸ್ಯಕ್ಕೂ ಒಂದು ಮಿತಿ ಬೇಡವೇ? ಆಟದ ಮೇಲೆ ಗಮನ ಇಡು ಎಂದು ಗದರಿದೆ. ಅವಳು ಹೆಗಲು ಕುಣಿಸಿ, ಕುಂಬಳಬೀಜದ ಎಣ್ಣೆಯ ಸಾಲಡ್ಡಿಗೆ ಬ್ರೆಡ್ಡು ಅದ್ದಿ, ಅದೇ ಕೈಯಲ್ಲಿ ಮತ್ತೆ ಕಲೆಸಿದಳು. ನಾನು ಸುಮ್ಮನಿದ್ದೆ. ಒರೆಸಿದರೆ ಹೋಗುತ್ತದೆ.

ಅಕ್ಟೋಬರ್ ೧೩, ಶನಿವಾರ

ನಾಲ್ಕಕ್ಕೆ ನಾಲ್ಕೂ ಗೆದ್ದೆ! ಚರಂಡಿಕಪ್ಪೆ ನೆಗೆದು ಎರಡು ಉಸಿರು, ಮರಗಪ್ಪೆ ಇಳಿದು ಮೂರು, ಎದುರಿನವರ ಡ್ರ್ಯಾಗನ್ ಮೈ ಮುರಿದು ಏಳುವಷ್ಟರಲ್ಲಿ ಮುಗಿದಿರುತ್ತದೆ. ಗೊರಾಜ್ದ್ ಎಲ್ಲರಿಗೂ ನನ್ನ ಬ್ರಷ್ ತೋರಿಸುತ್ತಾನೆ, ಅವನೇ ಕಂಡುಹಿಡಿದ ಹಾಗೆ.

ಬಸ್ಸಿನವನಿಗೆ ತೆಗೆದಿಟ್ಟ ಗೋಂಕರುಗಳಲ್ಲಿ ಮೂರು ಬೇಕಂತೆ. ಕೊಟ್ಟೆ. ಯಾವಾಗ ವಾಪಸ್ ಎಂದು ಕೇಳಬೇಕಿತ್ತು, ತಿನ್ನಲು ಮಾಂಸದ ಬುರೆಕ್ ಬಿಸಿಯಾಗಿ ಬಂತು, ಮರೆತೆ.

ಕಾಗೆಯವಳೂ ನಾಲ್ಕು ಗೆದ್ದಳು.

ಅಕ್ಟೋಬರ್ ೧೯, ಶುಕ್ರವಾರ

ನಾಳೆ. ಬ್ರಷ್ ತೊಳೆದು ಒಣಗಿಸಿದೆ.

ಅಕ್ಟೋಬರ್ ೨೦, ಶನಿವಾರ

ಇವತ್ತು ಬರೆಯಲಾರೆ.

ಅಕ್ಟೋಬರ್ ೨೧, ಭಾನುವಾರ

ಬರೆಯುತ್ತೇನೆ. ಎಲ್ಲವನ್ನೂ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ನಾನು ಕೊನೆಯ ಪಂದ್ಯಕ್ಕೆ ಬಂದಿದ್ದೆ. ಎದುರಿಗೆ ದಮ್ಯಾನಾ. ಸುತ್ತ ಜನ ಒತ್ತಿಕೊಂಡು ನಿಂತಿದ್ದರು, ಅಮ್ಮನಿಗೆ ಮುಂದೆ ಕುರ್ಚಿ ಹಾಕಿದ್ದರು. ಕಟ್ಟನ್ನು ಅವಳ ಕಡೆ ತಳ್ಳಬೇಕಾಗಿತ್ತು. ನಾಲ್ಕು ವರ್ಷದಲ್ಲಿ ಅವಳು ಅದನ್ನು ಒಂದು ಬೆರಳಿಗಿಂತ ಹೆಚ್ಚು ಮುಟ್ಟಿಲ್ಲ. ತಳ್ಳಿದೆ.

"ಕೈ ತೊಳ್ಕೊಂಡು ಬಂದಿದೀನಿ" ಎಂದಳು. ಅಷ್ಟು ವರ್ಷದ ಮೇಲೆ ನನಗೆ ಹೇಳಿದ ಮೊದಲ ಮಾತು.

ಚೆನ್ನಾಗಿ ಕಲೆಸುತ್ತಾಳೆ. ಇಪ್ಪತ್ತೇಳು ವರ್ಷ ಪ್ರೆಸ್ಸಿನಲ್ಲಿ ಕಾಗದ ಮುಟ್ಟಿ ಮುಟ್ಟಿ ತೂಕ ಹೇಳುವ ಬೆರಳು. ಮೂರು ಸಲ ಕಲೆಸಿದಳು. ನಾಲ್ಕನೆಯದಕ್ಕೆ ಬೆರಳು ನಿಂತವು. ಒಂದು ಕಾರ್ಡಿನ ಅಂಚನ್ನು ಹೆಬ್ಬೆರಳಿನಲ್ಲಿ ಸವರಿದಳು, ಪಕ್ಕದ್ದನ್ನು ಸವರಿದಳು, ಮತ್ತೆ ಇದನ್ನು. ನನ್ನ ಮುಖ ನೋಡಿದಳು.

ಕಟ್ಟಿನಲ್ಲಿ ಒಂದು ಕಾರ್ಡು ದಪ್ಪವಾಗಿದ್ದರೆ ಅದು ಗುರುತು ಮಾಡಿದ ಕಾರ್ಡು. ಮೋಸ. ಗೊರಾಜ್ದನನ್ನು ಕೂಗಿದ್ದರೆ ಸಾಕಿತ್ತು, ಕಪ್ ಅವಳದೇ. ಮೂವತ್ತು ಜನರ ಮುಂದೆ ಕೈ ಎತ್ತಿ ಕೂಗಬಹುದಾಗಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಕೂಗುತ್ತಿದ್ದೆ, ಅದು ನನಗೆ ಗೊತ್ತು.

ಅವಳು ಕಾರ್ಡನ್ನು ಬೋರಲಾಗಿ ನನ್ನ ಕಡೆ ಸರಿಸಿ, ಬಗ್ಗಿ ಮೆಲ್ಲಗೆ ಹೇಳಿದಳು: "ಇದ್ರೊಳಗೆ ಎರಡಿದೆ. ಆಟ ಶುರು ಆಗೋಕ್ಕೆ ಮುಂಚೆ ತೆಗಿ. ಆಮೇಲೆ ಸಿಕ್ಕಿದ್ರೆ ನಿನ್ನನ್ನ ಹೊರಗೆ ಹಾಕ್ತಾರೆ."

"ಒಂದು ಕೈಯಲ್ಲಿ ಹ್ಯಾಗೆ ತೆಗೀಲಿ?"

"ನಾನು ತೆಗೀಲಾ? ಮುಟ್ಟಬಹುದಾ?"

ಉಗುರಿನಿಂದ ಎಳೆದಳು. ಚರಂಡಿಕಪ್ಪೆ ಹೊರಬಂತು. ಅದರ ಬೆನ್ನಿಗೆ ಅಂಟಿಕೊಂಡು, ಕನ್ನಡಕ ಹಾಕಿ, ಕೊಡೆ ಹಿಡಿದು, ಅಜ್ಜಿಕಪ್ಪೆ.

ಎಲ್ಲ ನೆನಪಾಯಿತು. ಆವತ್ತು ಬೆಳಗ್ಗೆ ಬೇಕರಿಯಲ್ಲಿ ಒಂದು ಒಲೆಗೂ ಇನ್ನೊಂದು ಒಲೆಗೂ ನಡುವೆ, ಹಿಟ್ಟಿನ ಕೈಯಲ್ಲಿ ಐವತ್ತು ಕಾರ್ಡಿಗೂ ಹೊಸ ಕವರ್ ಹಾಕಿದ್ದೆ. ಗಂಟೆ ಬಾರಿಸಿತ್ತು, ಬ್ರೆಡ್ಡು ತೆಗೆಯಲು ಓಡಿದ್ದೆ. ಒಂದು ಕವರಿಗೆ ಎರಡು ತೂರಿಸಿದ್ದೆ. ಆವತ್ತು ಇಡೀ ದಿನ ಅಜ್ಜಿ ನನ್ನ ಕೈಗೆ ಬರಲಿಲ್ಲ ಎನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಸಂಜೆ ಸಿಟ್ಟಿಗೆ ಚರಂಡಿಕಪ್ಪೆಗಳನ್ನು ಡಬ್ಬಿಗೆ ಎಸೆದೆ, ಅಜ್ಜಿಯೂ ಜೊತೆಗೆ ಹೋದಳು. ನಾಲ್ಕು ವರ್ಷ ಅವಳು ಆ ಡಬ್ಬಿಯಲ್ಲೇ, ನನ್ನ ಹಾಸಿಗೆಯ ಕೆಳಗಿದ್ದಳು.

ದಮ್ಯಾನಾ ಕಾರ್ಡನ್ನು ನೋಡುತ್ತಾ ಕೂತಿದ್ದಳು. ಅವಳ ಕುತ್ತಿಗೆ ಕೆಂಪಾಗಿತ್ತು.

ಯಾರೂ ನೋಡಿರಲಿಲ್ಲ. ಅಜ್ಜಿಯನ್ನು ಪ್ಲಾಸ್ಟರಿನ ಸಂದಿಗೆ ತುರುಕಿಕೊಳ್ಳಬಹುದಿತ್ತು. ಆ ಯೋಚನೆ ಬಂತು, ಸುಳ್ಳು ಬರೆಯುವುದಿಲ್ಲ. ಎದ್ದು ನಿಂತೆ.

"ಎಲ್ರೂ ಕೇಳಿ. ನಾಲ್ಕು ವರ್ಷದ ಹಿಂದೆ ಇದೇ ಮೇಜಿನ ಹತ್ರ ನಿಂತು ಇವಳನ್ನ ಕಳ್ಳಿ ಅಂದೆ. ಇವಳ ಚೀಲ ಕೆದಕಿದೆ. ಕಾರ್ಡು ನನ್ನ ಹತ್ರಾನೇ ಇತ್ತು. ಇವಳು ಕದ್ದಿರಲಿಲ್ಲ. ತಪ್ಪು ನಂದು."

ಆಗ ದಮ್ಯಾನಾ, "ಜೋರಾಗಿ ಹೇಳು, ಹಿಂದಿನ ಸಾಲಿಗೆ ಕೇಳಿಸಿಲ್ಲ" ಎಂದಳು.

ನಾನು ಮತ್ತೆ ಹೇಳಿದೆ, ಬೇಕರಿಯಲ್ಲಿ ಒಲೆಯ ಗದ್ದಲದ ಮೇಲೆ ಕೂಗುವ ದನಿಯಲ್ಲಿ. ಅರ್ಧಕ್ಕೆ ಅಳು ಬಂತು. ಒಂದು ಕೈಯಲ್ಲಿ ಅಜ್ಜಿ, ಇನ್ನೊಂದು ಪ್ಲಾಸ್ಟರಿನಲ್ಲಿ, ಮೂಗು ಒರೆಸಲು ಕೈಯೇ ಇಲ್ಲ. ಅವಳೇ ಕರವಸ್ತ್ರ ಕೊಟ್ಟಳು. ಕೊಟ್ಟು ತಾನೂ ಅತ್ತಳು. ಅಮ್ಮ ಮಾತ್ರ ಸುತ್ತಲಿನವರಿಗೆಲ್ಲ, "ಬಸುರಿ ಅಂತ ನಾನು ಮೊದಲೇ ಹೇಳಿದ್ದೆ, ಯಾರು ಕೇಳ್ತಾರೆ ನನ್ನ ಮಾತು" ಎಂದು ಹೇಳುತ್ತಿದ್ದಳು.

ಗೊರಾಜ್ದ್ ತೀರ್ಪು ಕೊಟ್ಟ: ಮುಗಿದ ಪಂದ್ಯ ಮುಗಿಯಿತು, ಈ ಪಂದ್ಯ ಇನ್ನೂ ಶುರುವಾಗಿಲ್ಲ, ಆದ್ದರಿಂದ ತಪ್ಪಿಲ್ಲ. ನಾನು ಬೆಳಗ್ಗೆ ಬರೆದುಕೊಟ್ಟ ಕಾರ್ಡುಗಳ ಪಟ್ಟಿಯಲ್ಲಿ ಚರಂಡಿಕಪ್ಪೆ ಇದೆ, ಅಜ್ಜಿ ಇಲ್ಲ. ಅಜ್ಜಿ ಹೊರಗೆ.

ಆಮೇಲೆ ಆಡಿದೆವು. ಎಂಥ ಆಟ! ಮೊದಲನೆಯದು ನನಗೆ, ಎರಡನೆಯದು ಅವಳಿಗೆ. ಮೂರನೆಯದರಲ್ಲಿ ಅವಳಿಗೆ ಎರಡು ಉಸಿರು, ನನಗೆ ನಾಲ್ಕು. ಸತ್ತ ಕಪ್ಪೆಗಳು ಹನ್ನೆರಡು ಪಕ್ಕದಲ್ಲಿ ಬಿದ್ದಿದ್ದವು. ಅಜ್ಜಿ ಒಬ್ಬಳಿದ್ದಿದ್ದರೆ ಎಲ್ಲ ಎದ್ದು ಬರುತ್ತಿದ್ದವು. ಅವಳು ಮೇಜಿನಾಚೆ ಅಮ್ಮನ ಮಡಿಲಲ್ಲಿ ಕೊಡೆ ಹಿಡಿದು ಕೂತಿದ್ದಳು. ಕದಿಯುವ ಕಾಗೆ ಬಂತು, ನನ್ನ ಕೊನೆಯ ಮರಗಪ್ಪೆಯನ್ನು ಎತ್ತಿಕೊಂಡಿತು, ಅದರಿಂದಲೇ ನನಗೆ ಹೊಡೆಯಿತು. ಮುಗಿಯಿತು.

ಗೊರಾಜ್ದ್ ಗಾಜಿನ ಪೆಟ್ಟಿಗೆ ತೆರೆದು ಐವತ್ತು ಕಾಗೆಗಳನ್ನು ಜೋಡಿಸಿದ. ಎಲ್ಲರೂ ನನ್ನ ಕಡೆ ನೋಡಿದರು. ಮಣ್ಣಿನ ಕಾರ್ಡು ಕೋಟಿನ ಜೇಬಿನಲ್ಲಿತ್ತು, ಸೋತರೆ ಇರಲಿ ಎಂದು ಬೆಳಗ್ಗೆಯೇ ಇಟ್ಟುಕೊಂಡಿದ್ದೆ. ಅಮ್ಮನ ಮಡಿಲಿನಿಂದ ಅಜ್ಜಿಯನ್ನು ತೆಗೆದು ಕೊಟ್ಟೆ. ನಿಯಮದ ಪ್ರಕಾರ ಅದು ಆಡಿದ ಕಟ್ಟಿನದಾಗಿರಬೇಕು ಎಂದು ಯಾರೋ ಹೇಳಿದರು. ಗೊರಾಜ್ದ್ ಅವರಿಗೆ ಸುಮ್ಮನಿರಿ ಎಂದ.

"ಒಂದು ವರ್ಷ ನಿನ್ನ ಕೈಗೆ ಸಿಗಲ್ಲ ಅದು" ಎಂದಳು ದಮ್ಯಾನಾ.

"ನಾಲ್ಕು ವರ್ಷ ಸಿಕ್ಕಿರಲಿಲ್ಲ, ಅಭ್ಯಾಸ ಇದೆ."

ನಾಲ್ಕನೇ ಸಲ ಸೋತೆ. ಬೇಜಾರಾಗಬೇಕಿತ್ತು. ನಿನ್ನೆ ಬರೆಯಲು ಆಗದಿದ್ದದ್ದು ಬೇಜಾರಿಗಲ್ಲ. ಮನೆಗೆ ಬಂದು ದಮ್ಯಾನಾ, ನಾನು, ಅಮ್ಮ ಮೂವರೂ ಒಂದೊಂದು ಆಟವನ್ನೂ ಮತ್ತೆ ಬಾಯಲ್ಲೇ ಆಡಿ ಮುಗಿಸುವಷ್ಟರಲ್ಲಿ ಹೊತ್ತು ಹೋಗಿತ್ತು.

ಅಕ್ಟೋಬರ್ ೨೪, ಬುಧವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಬೆಳ್ಳಗೆ, ಸಣ್ಣಗೆ, ಯಾರದೋ ಕೈಯಂತಿದೆ. ಹಿಟ್ಟು ನಾದಬಹುದಂತೆ, ಮೆಲ್ಲಗೆ. ಬಲಗೈಯಲ್ಲಿ ಬರೆದು ನೋಡಿದೆ, ಎಡಗೈಯದೇ ಚೆನ್ನಾಗಿದೆ.

ನವೆಂಬರ್ ೧೦, ಶನಿವಾರ

ಎರಡು ವಾರ ಬರೆದಿಲ್ಲ, ಬೇಕರಿಗೆ ಹೋಗುತ್ತಿದ್ದೇನೆ. ನಾಳೆ ಸಂತ ಮಾರ್ಟಿನ್ ಹಬ್ಬ, ದ್ರಾಕ್ಷಾರಸ ಹೊಸ ವೈನ್ ಆಗುವ ದಿನ. ದಮ್ಯಾನಾ ನಾಳೆ ತನ್ನ ಅಣ್ಣನ ಮನೆಗೆ ಹೋಗಬೇಕಂತೆ, ಅದಕ್ಕೆ ನಾವು ಒಂದು ದಿನ ಮೊದಲೇ ಹಬ್ಬ ಮಾಡಿದೆವು. ಬಾತುಕೋಳಿ, ಕೆಂಪು ಎಲೆಕೋಸು. ಅಂಗಡಿಯ ಮುಂದೆ ಹಾದು ಬಂದಳಂತೆ. "ಅಜ್ಜಿ ಚೆನ್ನಾಗಿದ್ದಾಳೆ, ಕಾಗೆಗಳು ಹೇಳಿದ ಹಾಗೆ ಕೇಳ್ತಿವೆ" ಎಂದಳು.

ಊಟದ ನಡುವೆಯೇ ಆಟ ಶುರುವಾಯಿತು. ಕಟ್ಟು ತೆಗೆದು ಅವಳ ಕಡೆ ತಳ್ಳಿದೆ. ಅವಳು ಕಲೆಸತೊಡಗಿದಳು. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಕೈ ಸರಿಹೋಗಿ ಎರಡು ವಾರ ಆಯ್ತಲ್ಲೇ. ನೀನೇ ಕಲೆಸಬಾರ್ದಾ?"

ನನ್ನ ಕೈಗಳನ್ನು ನೋಡಿಕೊಂಡೆ. ಒಂದರಲ್ಲಿ ವೈನ್ ಲೋಟ, ಇನ್ನೊಂದರಲ್ಲಿ ಬಾತುಕೋಳಿಯ ಕಾಲು.

"ಎರಡೂ ಕೈ ಖಾಲಿ ಇಲ್ವಲ್ಲಮ್ಮ" ಎಂದೆ.